ಶಿಲಾಪುಟಗಳನ್ನೋದಿದ ವಿದ್ವಾಂಸ: ರಾಬರ್ಟ್ ಬ್ರೂಸ್ ಫೂಟ್

ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಸಾಗುವ ಹಾದಿಯಲ್ಲಿರುವ ಕಿರುಗಾವಲಿನ ಸೀಮೆ ಬತ್ತ, ಕಬ್ಬು, ರಾಗಿಗಳ ಸೀಮೆ. ಆ ಹೊಲಗದ್ದೆಗಳ ಮಣ್ಣಿನಡಿಯಲ್ಲಿ ಹಾಸಿಕೊಂಡಿರುವ ಪಟ್ಟೆಪಟ್ಟೆಯ ಹೆಬ್ಬಂಡೆ ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪುರಾತನವಾದುದು. ಎಲುಬುಳ್ಳ ಜೀವಿಯೊಂದೂ ಭೂಮಿಯ ಮೇಲೆ ಹುಟ್ಟಿರದ ಕಾಲದ ಶಿಲೆಯದು. ಅದರಲ್ಲಿ ಪ್ರಾಣಿಗಳ ಅಸ್ಥಿಯನ್ನು ಅರಸುವುದು ವ್ಯರ್ಥ. ಆದರೆ ಅಲ್ಲಿಂದ ಬಹುದೂರವಿಲ್ಲದ ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆಗಳು ಕೂಡುವ ಪುಣ್ಯಸ್ಥಳದಲ್ಲಿ, ಹೊಳೆಗಳು ತಂದು ಹರಡಿದ ಮಣ್ಣು ಬೇರೊಂದು ಕಥೆಯನ್ನು ಹೇಳುತ್ತದೆ. ಕಬ್ಬಿಣವನ್ನರಿಯದ ಜನ ಕಲ್ಲಿನ ಕೊಡಲಿ ಹಿಡಿದು ಅಲ್ಲಿ ಬಾಳಿದ್ದರು. ಅವರ ಕುರುಹುಗಳನ್ನು ಗುರುತಿಸಿ ವಿದ್ವಲ್ಲೋಕಕ್ಕೆ ತಿಳಿಸಿದವರು ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸಕ್ಕೆ ಪಿತಾಮಹರೆಂದು ಮಾನ್ಯರಾದ ಆ ಮಹನೀಯರ ಜೀವನದ ಬಹುಭಾಗ ಕನ್ನಡ, ತಮಿಳು, ತೆಲುಗು ನಾಡುಗಳ ಬೆಟ್ಟಗುಡ್ಡಗಳಲ್ಲಿಯೂ ಹಳ್ಳಕೊಳ್ಳಗಳಲ್ಲಿಯೂ ಸವೆಯಿತು.

ಫೂಟ್ ಅವರು ಜನಿಸಿದ್ದು ೧೮೩೪ನೆಯ ಇಸವಿ ಸೆಪ್ಟೆಂಬರ್ ೨೨ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. ಆ ಪಟ್ಟಣ ನಿಂತಿರುವುದು ಪುರಾತನ ಸಮುದ್ರವೊಂದರ ತಳದಲ್ಲಿ ನೆಲೆಗೊಂಡ ಜೇಡಿಯ ಪದರುಗಳ ಮೇಲೆ. ಅದೇ ಕಾಲದ ಪದರುಗಳು ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್ ಎಂಬ ಊರಿನಲ್ಲಿ ಕಡಲಿನ ಹೊಡೆತಕ್ಕೆ ಕುಸಿಯುತ್ತ ಬಯಲಾಗುತ್ತವೆ. ಅಲ್ಲಿ ಬಡಗಿಯೊಬ್ಬನ ಮಗಳಾದ ಮೇರಿ ಆನ್ನಿಂಗ್ ಎಂಬ ಬಾಲೆಯೂ ಅವಳ ಅಣ್ಣನೂ ೧೮೧೧-೧೨ರಲ್ಲಿ ಮೀನಿನಾಕಾರದ ಸಮುದ್ರಸರೀಸೃಪವಾದ ಇಕ್ತಿಯೊಸಾರ್‌ನ ಅಸ್ಥಿಪಂಜರವನ್ನು ಕಂಡುಹಿಡಿದಿದ್ದರು. ನೀಳವಾದ ಕೊರಳಿನ ಪ್ಲೀಸಿಯೊಸಾರ್‌ನ ಪೂರ್ಣಪಂಜರ ೧೮೨೩ರಲ್ಲಿ ಅವಳ ಕೈಗೇ ದೊರಕಿತು. ಮನುಷ್ಯನು ಹುಟ್ಟುವುದಕ್ಕೆ ಹದಿನೈದು ಕೋಟಿ ವರ್ಷಗಳಿಗೂ ಹಿಂದೆಯೇ ಈಜಾಡಿದ್ದ ಜೀವಿಗಳವು. ಫೂಟ್ ಅವರು ಬೆಳೆದದ್ದು ಇಂತಹ ಶೋಧಗಳು ವಿದ್ಯಾವಂತರ ಮನೆಮಾತಾಗಿದ್ದ ಕಾಲದಲ್ಲಿ.

ಆ ಕಾಲದ ವಿದ್ವಾಂಸರನ್ನು ಕಾಡಿದ ತೊಡಕೊಂದನ್ನು ಇಲ್ಲಿ ಅರಿತುಕೊಳ್ಳಬೇಕು. ಹಿಮಯುಗದಲ್ಲಿ ಉತ್ತರ ಯೂರೋಪನ್ನು ಆವರಿಸಿದ್ದ ನೀರ್ಗಲ್ಲಿನ ಹಾಳೆಗಳು ಚಲಿಸುವಾಗ ತಳದ ಹಳೆಯ ಪದರುಗಳನ್ನು ಕೆತ್ತಿಕೊಂಡು ಸಾಗಿದವು. ಕರಗಿದಾಗ ಆ ಕಲ್ಲುಮಣ್ಣನ್ನು ಕಂಡಲ್ಲಿ ಸುರಿದವು. ಹೀಗಾಗಿ ಇಂಗ್ಲೆಂಡಿನ ಪೂರ್ವಭಾಗದ ಹಿಮಯುಗದ ಜೇಡಿಯಲ್ಲಿ ಇಕ್ತಿಯೊಸಾರ್, ಪ್ಲೀಸಿಯೊಸಾರ್‌ಗಳ ಬೆನ್ನೆಲುಬಿನ ಮಣಿಗಳು ಸಿಗುತ್ತವೆ. ಆ ಜೇಡಿಯ ವಯಸ್ಸು ಕೆಲವು ಲಕ್ಷ ವರ್ಷ, ಆ ಎಲುಬಿನ ವಯಸ್ಸು ಹಲವು ಕೋಟಿ ವರ್ಷ. ಕೊಡಗಿನ ಕಾಡಿನ ಮರವೊಂದು ಕಾವೇರಿಯ ಪ್ರವಾಹದಲ್ಲಿ ತೇಲಿಬಂದು ಕೆಳಸೀಮೆಯ ಮರಳುದಿಬ್ಬದಲ್ಲಿ ಸಿಕ್ಕಿಕೊಂಡರೆ, ಅದು ಆ ದಿಬ್ಬದಲ್ಲಿಯೇ ಬೆಳೆದ ಮರವೆಂದು ಯಾರೂ ಹೇಳುವುದಿಲ್ಲ. ಎಲುಬಿನ ವಿಷಯವೂ ಹಾಗೆಯೇ. ಅದು ಸಿಕ್ಕಿದ ಪದರು ಅದರ ತವರೋ, ಇಲ್ಲವೇ ಅದು ಎಲ್ಲಿಂದಲೋ ಬಂದು ಸೇರಿದ್ದೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ದಕ್ಷಿಣಭಾರತದ ಬಯಲುಗಳನ್ನು ಆ ಹಿಮ ಮುಟ್ಟಲಿಲ್ಲ. ಇಲ್ಲಿ ಕಲ್ಲುಮಣ್ಣನ್ನು ಹೊತ್ತು ತಂದದ್ದು ನದಿಗಳು. ಆದರೂ ಪ್ರಶ್ನೆ ಅದೇ. ಫೂಟ್ ಅವರ ಜೀವಮಾನದ ವ್ಯಾಸಂಗವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದುಬಂದಿತೆಂದರೆ ಅತಿಶಯೋಕ್ತಿಯಾಗದು.

೧೮೫೮ರಲ್ಲಿ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. ೧೮೫೧ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಆರಂಭವಾಗಿದ್ದ ಆ ಸಂಸ್ಥೆಯಲ್ಲಿ ಕಲ್ಲಿದ್ದಲು, ಕಬ್ಬಿಣ, ಚಿನ್ನಗಳ ಶೋಧವೇ ಮುಖ್ಯವಾದ ರಾಜಕಾರ್ಯ. ಆದರೆ ಅಲ್ಲಿ ಸೇರಿದ್ದ ತರುಣರು ಶುದ್ಧವಿದ್ಯೆಯಲ್ಲಿಯೂ ಆಸಕ್ತರು. ೧೮೫೬ರಲ್ಲಿ ಬ್ಲಾನ್‌ಫರ್ಡ್ ಸಹೋದರರು ಒರಿಸ್ಸಾದ ತಾಲ್ಚೇರಿನ ಗುಂಡುಕಲ್ಲುಗಳ ಪದರನ್ನು ಕಂಡು, ಇದು ಹಿಮದಿಂದಾದ ನಿಕ್ಷೇಪವೆಂದು ಗುರುತಿಸಿದ್ದರು. ಅತಿ ಪ್ರಾಚೀನವಾದ ಮತ್ತೊಂದು ಹಿಮಯುಗ ಈ ದೇಶವನ್ನೂ ಮುಟ್ಟಿತ್ತೆಂಬುದು ಆಗ ಹೊಳೆಯಿತು. ಫೂಟ್ ಅವರು ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಸೇಲಂ, ತಿರುಚಿನಾಪಳ್ಳಿ, ತಂಜಾವೂರು ಸೀಮೆಗಳ ಭೂರಚನೆಯನ್ನು ಅಳೆದು ಬರೆದರು. ಆ ತಿರುಚಿನಾಪಳ್ಳಿ ಸೀಮೆಯ ಸಮುದ್ರಜನ್ಯ ಶಿಲೆಗಳಲ್ಲಿ ದೊರೆತ ಬೆನ್ನೆಲುಬುಗಳನ್ನು ಪರಿಶೀಲಿಸಿ, ರಿಚರ್ಡ್ ಲಿಡೆಕರ್ ಎಂಬ ವಿದ್ವಾಂಸರು ೧೮೭೯ರಲ್ಲಿ ಭಾರತದ ಇಕ್ತಿಯೊಸಾರ್ ಎಂದು ಅದಕ್ಕೆ ಹೆಸರಿಟ್ಟರು. ಹೀಗೆ ಲೈಮ್ ರೀಜಿಸ್‌ನ ಜೀವಿಯ ಜ್ಞಾತಿಯೊಂದು ಕಾವೇರಿಯ ಕೆಳಬಯಲಿಗೂ ಒಂದು ಕಾಲದಲ್ಲಿ ಸೇರಿದ್ದಿತೆಂಬುದು ಸಿದ್ಧವಾಯಿತು.

ಮದರಾಸಿನಲ್ಲಿ ಫೂಟ್ ಅವರಿಗೆ ತಮಿಳು ವಿದ್ವಾಂಸರಾದ ಪಾದ್ರಿ ಪೀಟರ್ ಪರ್ಸಿವಲ್ ಅವರ ಕುಟುಂಬದ ಸಂಬಂಧ ಬೆಳೆದು, ಅವರ ಮಗಳನ್ನು ವಿವಾಹವಾದರು. ಯಾಳ್ಪಾಣದಲ್ಲಿದ್ದಾಗ ಆರುಮುಗ ನಾವಲರ್ ಅವರ ನೆರವಿನಿಂದ ತಮಿಳಿನಲ್ಲಿ ಗ್ರಂಥಕಾರ್ಯ ನಡೆಸಿದ್ದ ಪರ್ಸಿವಲ್ ಅವರು ಈ ನಾಡಿನ ಭಾಷೆಯನ್ನು ಗೌರವಿಸಿದ ಪಂಡಿತರು. ಮಾವನವರು ತಾಳೆಗರಿಯ ಲಿಪಿಯನ್ನು ಓದುತ್ತಿದ್ದರೆ ಅಳಿಯನು ನೆಲದ ಲಿಪಿಯನ್ನು ಓದತೊಡಗಿದನೆನ್ನಬಹುದು.

೧೮೫೯ರಲ್ಲಿ ಯೂರೋಪಿನ ವಿದ್ವಲ್ಲೋಕದಲ್ಲಿ ಮಹತ್ತರವಾದ ನಿರ್ಣಯವೊಂದು ಹೊರಬಿದ್ದಿತ್ತು. ಫ್ರಾನ್ಸಿನ ಸೊಮ್ ನದಿಯ ಜಲ್ಲಿಪದರಿನಲ್ಲಿ ಅಳಿದುಹೋದ ಪ್ರಾಣಿಗಳ ಎಲುಬುಗಳ ಜೊತೆಯಲ್ಲಿಯೇ ಮನುಷ್ಯನು ಕಡೆದ ಕಲ್ಲಿನ ಆಯುಧಗಳಿವೆಯೆಂದು ಜೋಸೆಫ್ ಪ್ರೆಸ್ಟ್‌ವಿಚ್, ಜಾನ್ ಇವಾನ್ಸ್ ಅವರು ಸ್ಥಳಪರೀಕ್ಷೆ ಮಾಡಿ ದೃಢಪಡಿಸಿದರು. ಮನುಷ್ಯನ ವಯಸ್ಸು ಕೆಲವೇ ಸಾವಿರ ವರ್ಷವೆಂಬ ನಂಬಿಕೆ ಅಲ್ಲಿಗೆ ಸಡಿಲಿತು. ಈ ವಾರ್ತೆ ಫೂಟ್ ಅವರ ಕಣ್ಣನ್ನು ತೆರೆಯಿಸಿತು. ೧೮೬೩ನೆಯ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರಲ್ಲಿ, ಮನುಷ್ಯನ ಕೈ ಕಡೆದು ಮಾಡಿದ ಗಟ್ಟಿಕಲ್ಲಿನ ಆಯುಧವೊಂದು ಅವರಿಗೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಿಂಗ್ ಅವರ ಜೊತೆಗೂಡಿ ಅತ್ತಿರಂಪಾಕ್ಕಂ ಎಂಬ ಊರಿನ ಬಳಿ ಅಂತಹವೇ ಹಲವಾರು ಕೈಗೊಡಲಿಗಳನ್ನು ಕಂಡರು. ಪುರಾತನ ಶಿಲಾಯುಗವು ಭಾರತದಲ್ಲಿಯೂ ಇದ್ದಿತೆಂಬುದಕ್ಕೆ ಅದು ಪ್ರಥಮ ಪ್ರಮಾಣ.

ಆಯುಧ ಸಿಕ್ಕಿತು, ಅದನ್ನು ಮಾಡಿದವನು ಸಿಗಲಿಲ್ಲ. ಜಂಬಿಟ್ಟಿಗೆಯ ಮಣ್ಣು ಎಲುಬನ್ನು ಉಳಿಸಿಕೊಳ್ಳುವ ಮಣ್ಣಲ್ಲ. ಮಳೆನೀರು ಇಳಿದಿಳಿದು ಅದರ ಸುಣ್ಣವನ್ನು ತೊಳೆದುಹಾಕುತ್ತದೆ. ಸುಣ್ಣದಂಶವುಳ್ಳ ಎಲುಬೂ ಅದರೊಡನೆ ಕರಗಿಹೋಗುತ್ತದೆ. ಆದ್ದರಿಂದ ಸುಣ್ಣವುಳ್ಳ ನದೀಮೃತ್ತಿಕೆಯಲ್ಲಿಯೋ, ಸುಣ್ಣಕಲ್ಲಿನ ಗವಿಗಳಲ್ಲಿಯೋ ಎಲುಬನ್ನರಸಬೇಕು. ಫೂಟ್ ಅವರ ಮುಂದಿನ ಎರಡು ಮುಖ್ಯ ಶೋಧಗಳು ಒಂದೊಂದೂ ಇಂತಹ ಸ್ಥಳದಲ್ಲಿಯೇ ನಡೆದವು.

ಮೊದಲನೆಯದು ಕನ್ನಡನಾಡಿನಲ್ಲಿ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಕಲಾದಗಿ, ಧಾರವಾಡ ಸೀಮೆಗಳನ್ನು ಫೂಟ್ ಅವರು ಹಲವು ವರ್ಷ ಸುತ್ತಿ ಅಳೆದರು. ಘಟಪ್ರಭಾ, ಮಲಪ್ರಭಾ ಕಣಿವೆಗಳ ಜಲ್ಲಿಯಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು ಕಂಡರು. ಗೋಕಾಕದ ಸಮೀಪ, ಅವರ ಬರಹದಲ್ಲಿ ಚಿಕ್‌ದೌಲಿ ಎಂದು ಹೆಸರಿಸಿರುವ ಹಳ್ಳಿಯ ಬಳಿ, ಹಳ್ಳವು ಕೊರೆದಿದ್ದ ಮಣ್ಣಿನಲ್ಲಿ ದೊಡ್ಡ ಪ್ರಾಣಿಯೊಂದರ ಶಿಲೀಭೂತವಾದ ಎಲುಬುಗಳು ದೊರೆತವು. ಇಂತಹ ಎಲುಬುಗಳು ಕೈ ಸೋಕಿದರೆ ಪುಡಿಯಾಗುವಂಥವು. ತುಣುಕುಗಳನ್ನು ಒಂದೊಂದಾಗಿ ಬಿಡಿಸಿ, ಹೊಂದಿಸಿ, ಹಲ್ಲುಗಳ ಮಡಿಕೆಗಳನ್ನು ಇತರ ಪ್ರಾಣಿಗಳ ಹಲ್ಲಿನೊಡನೆ ಹೋಲಿಸಿ ನೋಡಬೇಕು. ಪ್ರಾಣಿಯ ಜಾತಿಯನ್ನು ನಿರ್ಣಯಿಸಲು ಹಲ್ಲಿನಂತಹ ಸಾಕ್ಷಿ ಬೇರೊಂದಿಲ್ಲ; ಅದು ಎಲುಬಿಗಿಂತ ಗಟ್ಟಿ, ಜಾತಿಜಾತಿಗೂ ಅದರ ರಚನೆ ಬೇರೆ. ಹೀಗೆ ಪರೀಕ್ಷಿಸಿ ಅದು ಅಳಿದುಹೋದ ಖಡ್ಗಮೃಗದ ಜಾತಿಯೆಂದು ಅವರು ನಿರ್ಧರಿಸಿದರು. ದಖ್ಖನದ ಖಡ್ಗಮೃಗವೆಂಬ ಅರ್ಥದ ಶಾಸ್ತ್ರೀಯ ನಾಮವನ್ನಿಟ್ಟು ೧೮೭೪ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಆ ಶೋಧದ ಮಹತ್ತ್ವ ಹೆಸರಿಡುವುದರಲ್ಲಿಯೇ ಮುಗಿಯಲಿಲ್ಲ. ಖಡ್ಗಮೃಗವು ಜೌಗು, ಹುಲ್ಲು, ನೆರಳುಗಳನ್ನು ಬೇಡುವ ಪ್ರಾಣಿ. ಇಂದು ಭಾರತದಲ್ಲಿ ಅದರ ಮುಖ್ಯ ನೆಲೆ ಅಸ್ಸಾಮಿನ ಕಾಜಿರಂಗದಂತಹ ಜೌಗುಬಯಲು. ಬಿಸಿಲಿಗೂ ಬರಕ್ಕೂ ಹೆಸರಾದ ಘಟಪ್ರಭೆಯ ಕೆಳಬಯಲಿನಲ್ಲಿ ಅದು ಬಾಳಿತ್ತೆಂದರೆ, ಆ ನಾಡು ಒಂದು ಕಾಲದಲ್ಲಿ ಹಸುರಾಗಿ ನೀರಿನಿಂದ ತುಂಬಿತ್ತೆಂದೇ ಅರ್ಥ. ಒಂದು ದವಡೆಯ ಹಲ್ಲಿನಿಂದ ಒಂದು ಸೀಮೆಯ ಪ್ರಾಚೀನ ಹವೆಯನ್ನು ಊಹಿಸುವ ವಿದ್ಯೆ ಇದು. ಅದೇ ಕಣಿವೆಯಲ್ಲಿ ಮನುಷ್ಯನ ಆಯುಧಗಳೂ ಇದ್ದವು. ಆದರೆ ಆಯುಧ ಒಂದೆಡೆ, ಎಲುಬು ಒಂದೆಡೆ. ಒಂದೇ ಕಣಿವೆಯೆಂಬ ಕಾರಣದಿಂದ ಒಂದೇ ಕಾಲದವೆಂದು ಸಾಧಿಸುವುದು ಶಾಸ್ತ್ರಸಮ್ಮತವಲ್ಲ.

ಎರಡನೆಯದು ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳು. ಅಲ್ಲಿ ಎಲುಬುಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ ಅವರು ೧೮೪೪ರಲ್ಲಿಯೇ ತಿಳಿಸಿದ್ದರು. ಮತ್ತೆ ಯಾರೂ ಅತ್ತ ಗಮನ ಹರಿಸಿರಲಿಲ್ಲ. ಪ್ರಸಿದ್ಧ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್‌ಲಿ ಅವರು ಮದರಾಸಿನ ಗವರ್ನರಾಗಿದ್ದ ಗ್ರ್ಯಾಂಟ್ ಡಫ್ ಅವರಿಗೆ ಸೂಚಿಸಿದ ಮೇಲೆ ಗವಿಗಳ ಪರಿಶೋಧನೆ ಫೂಟ್ ಅವರ ಪಾಲಿಗೆ ಬಂದಿತು. ೧೮೮೩ರಲ್ಲಿ ಅವರೇ ಅಗೆತವನ್ನು ಆರಂಭಿಸಿದರು. ಬಳಿಕ ಅವರ ಮಗ, ಸೈನ್ಯಾಧಿಕಾರಿಯಾಗಿದ್ದ ಹೆನ್ರಿ ಫೂಟ್ ಅದನ್ನು ಮುಂದುವರಿಸಿ ೧೮೮೫ರ ವೇಳೆಗೆ ಮುಗಿಸಿದರು. ಗವಿಗಳಲ್ಲೊಂದಕ್ಕೆ ಅಸ್ಥಿಗೃಹವೆಂಬ ಅರ್ಥದ ಹೆಸರನ್ನೇ ಅವರು ಇಟ್ಟರು. ಎಷ್ಟು ಆಳದಲ್ಲಿ, ಯಾವ ಬಣ್ಣದ ಮಣ್ಣಿನಲ್ಲಿ, ಯಾವ ಎಲುಬು ಸಿಕ್ಕಿತೆಂಬುದನ್ನು ಪದರುಪದರಾಗಿ ಬರೆದಿಟ್ಟುದು ಆ ಕಾರ್ಯದ ವಿಶೇಷ. ಗವಿಯೊಳಗಿನ ಮಣ್ಣನ್ನು ಪ್ರವಾಹ ಕಲಕಿರಬಹುದು, ಮುಳ್ಳುಹಂದಿಯಂತಹ ಪ್ರಾಣಿ ಎಲುಬನ್ನು ಹೊರಗಿನಿಂದ ತಂದು ಕಡಿದಿರಬಹುದು. ಈ ಸಂದೇಹಗಳೆಲ್ಲ ತೀರಬೇಕಾದರೆ ಪದರಿನ ಲೆಕ್ಕವೊಂದೇ ಆಧಾರ.

ಎಲುಬುಗಳನ್ನು ಪರೀಕ್ಷಿಸಿದ ಲಿಡೆಕರ್ ಅವರು ೧೮೮೬ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಅಳಿದುಹೋದ ಖಡ್ಗಮೃಗದ ಜಾತಿಯೂ ಇದ್ದಿತು. ಎಲುಬಿನ ಕೆಲವು ತುಣುಕುಗಳು ಮನುಷ್ಯನ ಕೈಯಿಂದ ಹದಗೊಂಡ ಉಪಕರಣಗಳೆಂದು ಫೂಟ್ ಅವರು ಭಾವಿಸಿದರು. ಆದರೆ ಜೊತೆಯಲ್ಲಿ ಕಲ್ಲಿನ ಆಯುಧ ಸಿಗದ ಕಾರಣ ಅನೇಕರಿಗೆ ಅದು ಸಂಶಯಾಸ್ಪದವಾಗಿ ಕಂಡಿತು. ಅವರು ಬಯಸಿದ್ದ ಪುರಾತನ ಮನುಷ್ಯನ ಅಸ್ಥಿಯಂತೂ ಅಲ್ಲಿಯೂ ದೊರಕಲಿಲ್ಲ. ಸಿಗದುದನ್ನು ಸಿಕ್ಕಿತೆನ್ನುವ ದುರಾಶೆಗೆ ಅವರು ಎಡೆಗೊಡಲಿಲ್ಲ.

ಇದೇ ಕಾಲದಲ್ಲಿ ಬಳ್ಳಾರಿ ಸೀಮೆಯ ಭೂಪರೀಕ್ಷೆಯೂ ನಡೆದಿತ್ತು. ಚಿನ್ನವೂ ಕಬ್ಬಿಣವೂ ಇರುವ ಹಳೆಯ ಶಿಲಾಶ್ರೇಣಿಗೆ ಅವರು ಧಾರವಾಡದ ಹೆಸರನ್ನಿಟ್ಟರು. ಧಾರವಾಡ ಶಿಲೆಗಳೆಂಬ ಮಾತು ಇಂದು ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿರುವುದು ಅವರಿಂದ. ಮೈಸೂರು ಸಂಸ್ಥಾನದ ಚಿನ್ನದ ನೆಲೆಗಳನ್ನು ೧೮೮೭ರಲ್ಲಿ ಸಂಚರಿಸಿ ಪರಿಶೀಲಿಸಿದರು. ಕುಡತಿನಿ ಮೊದಲಾದೆಡೆಗಳಲ್ಲಿ ಗುಡ್ಡದಂತೆ ಬಿದ್ದಿದ್ದ ಬೂದಿಯನ್ನು ಜನರು ರಾಕ್ಷಸರ ಚಿತಾಭಸ್ಮವೆನ್ನುತ್ತಿದ್ದರು. ಅದು ದನಗಳ ಸಗಣಿಯು ಉರಿದ ಬೂದಿಯೆಂಬ ನಿಲುವಿಗೆ ಫೂಟ್ ಅವರು ಬಂದರು. ಗೋಮಯವನ್ನು ಸುಟ್ಟು ವಿಭೂತಿಯನ್ನು ಮಾಡುವ ಪದ್ಧತಿಯನ್ನು ಬಲ್ಲ ನಾಡಿಗೆ ಆ ಮಾತು ಸೋಜಿಗವಾಗಬೇಕಾದುದಿಲ್ಲ. ಆದರೂ ಸಂಪೂರ್ಣ ಸಮರ್ಥನೆಗೆ ಬಹುಕಾಲ ಕಾಯಬೇಕಾಯಿತು. ರೇಮಂಡ್ ಆಲ್ಚಿನ್ ಅವರು ಉಟ್ನೂರಿನಲ್ಲಿ ನಡೆಸಿದ ಉತ್ಖನನದ ಆಧಾರದ ಮೇಲೆ ೧೯೬೩ರಲ್ಲಿ ಪ್ರಕಟಿಸಿದ ಗ್ರಂಥವು, ಆ ಬೂದಿಗುಡ್ಡಗಳು ನವಶಿಲಾಯುಗದ ಗೋಪಾಲಕರ ದೊಡ್ಡಿಗಳ ಅವಶೇಷವೆಂದು ಸ್ಥಾಪಿಸಿತು.

೧೮೯೧ರಲ್ಲಿ ಸರ್ವೇಕ್ಷಣ ಸಂಸ್ಥೆಯಿಂದ ನಿವೃತ್ತರಾದ ಮೇಲೆ ಫೂಟ್ ಅವರು ಬರೋಡಾ ಸಂಸ್ಥಾನದ ಭೂವಿಜ್ಞಾನಿಗಳಾದರು. ೧೮೯೪ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೂ ಅವರ ಅನುಭವದ ಬಲ ದೊರೆಯಿತು. ತಿರುಮಕೂಡಲು ನರಸೀಪುರದ ನವಶಿಲಾಯುಗದ ನೆಲೆ ಅವರ ಸಂಗ್ರಹದಲ್ಲಿ ಸ್ಥಾನ ಪಡೆದ ಕನ್ನಡನಾಡಿನ ನೆಲೆಗಳಲ್ಲೊಂದು. ೧೯೬೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿ ಅವರು ಅಲ್ಲಿ ನಡೆಸಿದ ಉತ್ಖನನದಲ್ಲಿ ಆ ಕಾಲದ ಮನುಷ್ಯರ ಸಮಾಧಿಗಳೇ ಬೆಳಕಿಗೆ ಬಂದವು.

ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಾನೂರಕ್ಕೂ ಮೀರಿದ ನೆಲೆಗಳಿಂದ ಅವರು ಕೂಡಿಸಿದ ಕಲ್ಲು, ಮಡಕೆ, ಲೋಹಗಳ ವಸ್ತುಗಳನ್ನು ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಅವು ಹಡಗೇರಿ ಚದುರಿಹೋಗದೆ ಈ ನೆಲದಲ್ಲಿಯೇ ಉಳಿದುದು ನಮ್ಮ ಭಾಗ್ಯ. ಯಾವ ವಸ್ತು ಯಾವ ಊರಿನದೆಂಬ ವಿವರವಿಲ್ಲದಿದ್ದರೆ ಆ ರಾಶಿಯೆಲ್ಲ ಬರಿಯ ಕಲ್ಲುಗುಪ್ಪೆಯಾಗುತ್ತಿತ್ತು. ಮುಪ್ಪಿನಲ್ಲಿ ಶೇವರಾಯ ಬೆಟ್ಟದ ಯೇರ್ಕಾಡಿನಲ್ಲಿ ನೆಲಸಿ, ಆ ಸಂಗ್ರಹದ ವಿವರಪಟ್ಟಿಯನ್ನು ಸಿದ್ಧಪಡಿಸುವ ಕಾಯಕದಲ್ಲಿ ಅವರು ತೊಡಗಿದರು. ಅಚ್ಚಾದುದನ್ನು ನೋಡುವ ಯೋಗ ಅವರಿಗಿರಲಿಲ್ಲ. ೧೯೧೨ನೆಯ ಡಿಸೆಂಬರ್ ೨೯ರಂದು ಕಲಕತ್ತೆಯಲ್ಲಿ ಅವರು ದಿವಂಗತರಾದರು. ಪಟ್ಟಿಯು ೧೯೧೪ರಲ್ಲಿಯೂ, ಆ ನೆಲೆಗಳ ಕಾಲ ಮತ್ತು ಹರವನ್ನು ಕುರಿತ ಸಂಪುಟವು ೧೯೧೬ರಲ್ಲಿಯೂ ಹೊರಬಂದವು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಅವರ ಅಭಿಪ್ರಾಯಗಳೆಲ್ಲವೂ ನಿಂತವೆಂದಲ್ಲ. ಕರಾವಳಿಯ ಜಂಬಿಟ್ಟಿಗೆಯ ಪದರು ಸಮುದ್ರದಡಿಯಲ್ಲಿ ನೆಲೆಗೊಂಡುದೆಂದು ಅವರು ತಿಳಿದಿದ್ದರು. ಮುಂದಿನ ವಿದ್ವಾಂಸರು ಅದನ್ನೊಪ್ಪಲಿಲ್ಲ. ಹಳೆಯ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದೊಡ್ಡ ಶೂನ್ಯಕಾಲವಿತ್ತೆಂಬುದು ಅವರ ಮತವಾಗಿತ್ತು. ನಡುವಣ ಹಂತಗಳ ಆಯುಧಗಳು ಆಮೇಲೆ ಹೇರಳವಾಗಿ ದೊರೆತು ಆ ಶೂನ್ಯ ತುಂಬಿತು. ಆದರೆ ಈ ತಿದ್ದುಪಾಟುಗಳು ಸಾಧ್ಯವಾದುದೂ ಅವರು ಸ್ಥಳವನ್ನೂ ಪದರನ್ನೂ ಪ್ರಾಮಾಣಿಕವಾಗಿ ದಾಖಲಿಸಿದ್ದರಿಂದಲೇ. ವ್ಯಾಖ್ಯಾನ ತಪ್ಪಿದರೂ ಮೂಲಪಾಠ ಶುದ್ಧವಾಗಿದ್ದರೆ ಮುಂದಿನವರು ಅರ್ಥವನ್ನು ಸರಿಪಡಿಸಿಕೊಳ್ಳಬಲ್ಲರು. ಮೂಲಪಾಠವೇ ಕೆಟ್ಟರೆ ಯಾವ ವ್ಯಾಖ್ಯಾನಕಾರನೂ ಏನೂ ಮಾಡಲಾರನು.

ಅವರು ಕಾಣದೆ ಹೋದುದನ್ನು ಕಾಲವು ಒಂದೊಂದಾಗಿ ತೋರಿಸಿಕೊಟ್ಟಿತು. ೧೯೭೦ರ ದಶಕದಲ್ಲಿ ಕರ್ನೂಲಿನ ಮತ್ತೊಂದು ಗವಿಯಲ್ಲಿ ಎಂ. ಎಲ್. ಕೆ. ಮೂರ್ತಿ ಅವರು ನಡೆಸಿದ ಅಗೆತದಲ್ಲಿ ಹಳೆಯ ಶಿಲಾಯುಗದ ಕೊನೆಯ ಹಂತದ ಕಲ್ಲಿನ ಉಪಕರಣಗಳೂ ಎಲುಬಿನ ಉಪಕರಣಗಳೂ ಕೂಡಿಯೇ ದೊರೆತವು. ೧೯೮೨ರ ಡಿಸೆಂಬರಿನಲ್ಲಿ, ಫೂಟ್ ಅವರು ದುಡಿದ ಸರ್ವೇಕ್ಷಣ ಸಂಸ್ಥೆಯವರೇ ಆದ ಅರುಣ್ ಸೊನಾಕಿಯಾ ಅವರಿಗೆ ನರ್ಮದಾ ತೀರದ ಹಥ್ನೋರಾದಲ್ಲಿ, ನದಿಯ ಜಲ್ಲಿಪದರಿನಲ್ಲಿ, ಪ್ರಾಚೀನ ಮಾನವನ ಶಿಲೀಭೂತವಾದ ತಲೆಬುರುಡೆಯ ಭಾಗ ಸಿಕ್ಕಿತು. ಕನ್ನಡನಾಡಿನ ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ಕಲ್ಲಿನ ಆಯುಧಗಳ ಜೊತೆಯಲ್ಲಿಯೇ ಪ್ರಾಣಿಗಳ ಹಲ್ಲುಗಳು ದೊರೆತವು. ಆ ಹಲ್ಲುಗಳನ್ನು ಪರೀಕ್ಷಿಸಿ ನೆಲೆಯ ವಯಸ್ಸು ಸುಮಾರು ೧೨ ಲಕ್ಷ ವರ್ಷವೆಂದು ಅಂದಾಜು ಮಾಡಿದ್ದಾರೆ. ೧೮೬೩ರಲ್ಲಿ ಫೂಟ್, ಕಿಂಗ್ ಅವರು ಕಂಡ ಅತ್ತಿರಂಪಾಕ್ಕದ ಕೈಗೊಡಲಿಗಳು ಹತ್ತು ಲಕ್ಷ ವರ್ಷಗಳಿಗೂ ಹಳೆಯವೆಂದು ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದರು. ಮನುಷ್ಯನು ಈ ನೆಲದಲ್ಲಿ ಅತಿ ಪುರಾತನನೆಂಬ ಫೂಟ್ ಅವರ ನಂಬಿಕೆ ಹೀಗೆ ಅವರ ಊಹೆಯನ್ನೂ ಮೀರಿ ಸತ್ಯವಾಯಿತು.

ಕಾಯಕವನ್ನೂ ಜ್ಞಾನದಾಸೋಹವನ್ನೂ ಒಂದಾಗಿ ಕಾಣುವ ಶರಣಪರಂಪರೆಯ ವಿದ್ಯಾಲಯಗಳಲ್ಲಿ ಇಂತಹವರ ಚರಿತ್ರೆ ಪರಕೀಯವೆನಿಸದು. ಫಲವು ತಮ್ಮ ಆಯುಷ್ಯದಲ್ಲಿ ಕೈಸೇರದಿದ್ದರೂ, ಮುಂದೆ ಬರುವವನಿಗೆ ಲೆಕ್ಕವನ್ನು ಚೊಕ್ಕಟವಾಗಿ ಒಪ್ಪಿಸಿಹೋದವರು ಫೂಟ್. ಕಿರುಗಾವಲಿನ ಮಕ್ಕಳು ನರಸೀಪುರದ ಸಂಗಮಕ್ಕೆ ಹೋದಾಗ ದಂಡೆಯ ಮಣ್ಣಿನಲ್ಲಿ ಚಕ್ಕೆಯೆದ್ದ ಕಲ್ಲೊಂದನ್ನು ಕಂಡರೆ, ಎತ್ತಿಕೊಂಡು ಜೇಬಿಗೆ ಹಾಕುವ ಮೊದಲು ಅದು ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಅದರ ಅಕ್ಕಪಕ್ಕದಲ್ಲಿ ಏನಿತ್ತು ಎಂದು ನೋಡಿ ಬರೆದುಕೊಳ್ಳಲಿ. ಗುರುಗಳಿಗೆ ಅದನ್ನು ತೋರಿಸಲಿ. ಆ ಹಿರಿಯ ವಿದ್ವಾಂಸರಿಗೆ ಸಲ್ಲಬಹುದಾದ ಗೌರವಗಳಲ್ಲಿ ಅದಕ್ಕಿಂತ ಉಚಿತವಾದುದಿಲ್ಲ.